ದೊರೆಸಾನಿ ಕಾದ ಹತ್ತು ಸೆಕೆಂಡು

ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಎರಡು ಕೆಲಸ ಬಂದು ಕೂತಿದ್ದವು. ಒಂದು, ನಮ್ಮ ಸಾಫ್ಟ್‌ವೇರಿನ ಒಂದು ತಿಕ್ಕಲು ಟೆಸ್ಟನ್ನು ಶುಕ್ರವಾರದೊಳಗೆ ಸರಿ ಮಾಡುವುದು. ಇನ್ನೊಂದು, ಒಂದು ಕಾಗದಕ್ಕೆ ಸಹಿ ಹಾಕುವುದು. ಇವೆರಡಕ್ಕೂ ಸಂಬಂಧವಿದೆ ಅಂತ ಆವತ್ತು ಯಾರಾದರೂ ಅಂದಿದ್ದರೆ ಅವರಿಗೆ ಚೆನ್ನಾಗಿ ಮಂಗಳಾರತಿ ಮಾಡುತ್ತಿದ್ದೆ.

ಕಾಗದದ ವಿಷಯ ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಅಕ್ಕ ಆಸ್ಪತ್ರೆಯಲ್ಲಿ ಸತ್ತಳು. ಜ್ವರ ಅಂತ ಸೇರಿಸಿದ್ದೆವು. ಅವಳ ಮೈಗೆ ಒಗ್ಗದ ಒಂದು ಇಂಜೆಕ್ಷನ್ ಕೊಟ್ಟರು, ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದುಹೋಯಿತು. ಒಗ್ಗುವುದಿಲ್ಲ ಅಂತ ಕೆಳಗಿನ ಕೌಂಟರಿನಲ್ಲಿ ನಾನೇ ನಿಂತು ಬರೆಸಿದ್ದೆ. ಬರೆಸಿದ್ದು ಕಂಪ್ಯೂಟರಿನಲ್ಲಿ ಇತ್ತು ಕೂಡ. ಆದರೆ ಮೇಲಿನ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟ ನರ್ಸ್ "ನನ್ನ ಸ್ಕ್ರೀನಲ್ಲಿ ಏನೂ ಇರ್ಲಿಲ್ಲ" ಅಂದಳು. ಯಾರು ಕೇಳಿದರೂ ಅದೊಂದೇ ಮಾತು. ವಿಚಾರಣೆಯಲ್ಲಿ ಅವಳನ್ನು ಯಾರೂ ನಂಬಲಿಲ್ಲ, ಏಕೆಂದರೆ ನಾನು ನಂಬಲಿಲ್ಲ. ಆ ಆಸ್ಪತ್ರೆಗೆ ದಾಖಲೆ ವ್ಯವಸ್ಥೆ ಮಾಡಿಕೊಟ್ಟದ್ದು ನಮ್ಮ ಕಂಪನಿ. ಅದು ಸರಿಯಾಗಿ ನಡೆಯುತ್ತದೆಯೇ ಅಂತ ಪರೀಕ್ಷೆ ಮಾಡುವವಳು ನಾನು. ಸತ್ತವಳ ತಂಗಿಯೂ ನಾನೇ. ಇಂಥವಳೇ ಬಂದು "ತಪ್ಪು ಯಂತ್ರದ್ದಲ್ಲ, ಮನುಷ್ಯರದ್ದು" ಅಂದಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು? ನರ್ಸಿನ ಕೆಲಸ ಹೋಯಿತು. ಇನ್ನೆಲ್ಲೂ ಆ ಕೆಲಸ ಮಾಡದ ಹಾಗೆ ಅವಳ ಪರವಾನಗಿಯನ್ನೂ ತಡೆಹಿಡಿದರು. ಈ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅವಳ ಕೊನೆಯ ಮೇಲ್ಮನವಿ. ವಿಚಾರಣೆಯಲ್ಲಿ ನಾನು ಬರೆದುಕೊಟ್ಟ ಹೇಳಿಕೆ ಈಗಲೂ ಸರಿ ಅಂತ ಇನ್ನೊಂದು ಸಹಿ ಬೇಕು ಎಂದು ನಮ್ಮ ಕಂಪನಿಯ ವಕೀಲರು ಕಳಿಸಿದ್ದರು. ಹೇಳಿಕೆಯಲ್ಲಿ ಮುಖ್ಯವಾದದ್ದು ಒಂದೇ ಸಾಲು: 'ಕೆಂಪು ಪಟ್ಟಿ ಬಂದಿಲ್ಲವೆಂದರೆ ವಾರ್ಡಿನ ನಕಲು ಸರಿಯಾಗಿತ್ತು ಎಂದೇ ಅರ್ಥ.' ಅದು ನನ್ನದೇ ವಾಕ್ಯ. ಬರೆದಾಗ ಅದರ ಬಗ್ಗೆ ನನಗೆ ಹೆಮ್ಮೆ ಕೂಡ ಇತ್ತು.

ಆ ವಾಕ್ಯದ ಅರ್ಥ ಇಷ್ಟು. ರೋಗಿಗಳ ದಾಖಲೆಯೆಲ್ಲ ಒಂದು ದೊಡ್ಡ ಡೇಟಾಬೇಸಿನಲ್ಲಿ ಇರುತ್ತದೆ. ಅದಕ್ಕೆ ನಾವು ಮೂಲ ಅನ್ನುತ್ತೇವೆ. ಪ್ರತಿ ವಾರ್ಡಿನಲ್ಲೂ ಅದರ ಒಂದು ನಕಲು ಇರುತ್ತದೆ. ಕೌಂಟರಿನಲ್ಲಿ ಬರೆದದ್ದು ಮೂಲಕ್ಕೆ ಹೋಗಿ, ಅಲ್ಲಿಂದ ಕಣ್ಣು ಮಿಟುಕಿಸುವುದರೊಳಗೆ ವಾರ್ಡಿನ ನಕಲಿಗೆ ತಲುಪಬೇಕು. ನಡುವಿನ ಲೈನ್ ಕಡಿದು ನಕಲು ಹಿಂದೆ ಬಿದ್ದರೆ, ನರ್ಸಿನ ಸ್ಕ್ರೀನಿನ ತಲೆಯ ಮೇಲೆ ಒಂದು ಕೆಂಪು ಪಟ್ಟಿ ಬರಬೇಕು: 'ಈ ದಾಖಲೆ ಹಳೆಯದಿರಬಹುದು. ರೋಗಿಯನ್ನೋ ಮನೆಯವರನ್ನೋ ಕೇಳಿ.' ನಕಲು ಹಿಂದೆ ಬೀಳುವುದು ದೊಡ್ಡ ತಪ್ಪಲ್ಲ. ಲೈನ್ ಅಂದಮೇಲೆ ಕಡಿಯುತ್ತದೆ. ಹಿಂದೆ ಬಿದ್ದು ಸುಮ್ಮನೆ ಇರುವುದೇ ತಪ್ಪು.

ಈ ಕೆಂಪು ಪಟ್ಟಿ ಬರುತ್ತದೆಯೋ ಇಲ್ಲವೋ ಅಂತ ನೋಡುವ ಟೆಸ್ಟನ್ನು ಏಳು ವರ್ಷದ ಹಿಂದೆ ಬರೆದವಳು ನಾನು. ಕೈಯಿಂದ ಮಾಡುವ ಕೆಲಸವಲ್ಲ, ಯಂತ್ರವೇ ದಿನಕ್ಕೊಂದು ಸಲ ಮಾಡಿಕೊಳ್ಳುತ್ತದೆ. ಒಬ್ಬ ಸುಳ್ಳು ರೋಗಿಯನ್ನು ಹುಟ್ಟಿಸುತ್ತದೆ, ಬೇಕಂತಲೇ ಲೈನ್ ಕಡಿಯುತ್ತದೆ, ಮೂಲದಲ್ಲಿ 'ಈ ಇಂಜೆಕ್ಷನ್ ಒಗ್ಗದು' ಅಂತ ಬರೆಯುತ್ತದೆ, ಆಮೇಲೆ ನಕಲಿನ ಕಡೆ ನಿಂತು ಹತ್ತು ಸೆಕೆಂಡು ಕಾಯುತ್ತದೆ. ಕೆಂಪು ಪಟ್ಟಿ ಬಂದರೆ ಟೆಸ್ಟ್ ಪಾಸು, ನಮ್ಮ ಕೋಣೆಯ ಕಪಾಟಿನ ಮೇಲಿನ ದೀಪ ಹಸಿರಾಗುತ್ತದೆ. ಬರದಿದ್ದರೆ ಫೇಲು, ದೀಪ ಕೆಂಪಾಗುತ್ತದೆ. ನೂರಕ್ಕೆ ತೊಂಬತ್ತಮೂರು ಸಲ ಹಸಿರು. ಉಳಿದ ಏಳು ಸಲ ಯಾವ ಕಾರಣವೂ ಇಲ್ಲದೆ ಕೆಂಪು. ಇಂಥದ್ದಕ್ಕೆ ನಮ್ಮಲ್ಲಿ ತಿಕ್ಕಲು ಟೆಸ್ಟ್ ಅನ್ನುತ್ತಾರೆ. ತಿಕ್ಕಲಿಗೆ ಮದ್ದು ಕೂಡ ಇತ್ತು: ಮತ್ತೆ ಓಡಿಸು. ಮೂರು ಸಲದಲ್ಲಿ ಒಂದು ಸಲ ಹಸಿರು ಬಂದರೆ ಸಾಕು, ಹಸಿರು ಅಂತಲೇ ಲೆಕ್ಕ. ಈ ಕಟ್ಟಳೆ ಮಾಡಿದವರು ನಮ್ಮ ಮ್ಯಾನೇಜರು. ಕಪಾಟಿನ ದೀಪ ತಂದವರೂ ಅವರೇ. ಅದಕ್ಕೇ ನಾವು ಅವರಿಗೆ ಹಸಿರುರಾಯರು ಅಂತ ಹೆಸರಿಟ್ಟಿದ್ದೆವು. ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ನಮ್ಮ ಕಸುಬಿನವರದ್ದು ಇನ್ನೊಂದು ಚಾಳಿ ಇದೆ. ಸುಳ್ಳು ರೋಗಿ ಬೇಕು ಅಂದಾಗ ತಲೆ ಕೆಡಿಸಿಕೊಳ್ಳದೆ ಮನೆಯವರ ಹೆಸರು ಹಾಕಿಬಿಡುತ್ತೇವೆ. ನಮ್ಮ ಟೆಸ್ಟುಗಳಲ್ಲಿ ಒಬ್ಬರ ಮಾವನಿಗೆ ದಿನಾ ಬೆಳಿಗ್ಗೆ ಕಾಲು ಮುರಿಯುತ್ತದೆ, ಇನ್ನೊಬ್ಬರ ನಾದಿನಿ ವಾರಕ್ಕೆ ಐದು ಸಲ ಅವಳಿ ಹೆರುತ್ತಾಳೆ. ನಾನು ಅಕ್ಕನನ್ನು ಹಾಕಿದ್ದೆ. ಅವಳ ವಯಸ್ಸು, ಅವಳ ರಕ್ತದ ಗುಂಪು, ಅವಳಿಗೆ ಒಗ್ಗದ ಇಂಜೆಕ್ಷನ್. ಹೆಸರಿನ ಜಾಗದಲ್ಲಿ ಮಾತ್ರ, ಮನೆಯಲ್ಲಿ ನಾನು ಅವಳನ್ನು ರೇಗಿಸುತ್ತಿದ್ದ ಹೆಸರು: ದೊರೆಸಾನಿ. ಹಾಸಿಗೆಯಲ್ಲಿ ಕೂತಲ್ಲಿಂದಲೇ ಮನೆಯವರಿಗೆಲ್ಲ ಕೆಲಸ ಹೇಳುತ್ತಿದ್ದಳು, ಅದಕ್ಕೆ. ಟೆಸ್ಟ್ ಫೇಲಾದರೆ ತೋರಿಸಬೇಕಾದ ಸಂದೇಶವನ್ನೂ ಅವಳ ಬಾಯಲ್ಲೇ ಬರೆದಿದ್ದೆ. ಬರೆದು ಅವಳಿಗೆ ಫೋನ್ ಮಾಡಿ ಓದಿ ಹೇಳಿದ್ದೆ, ಅವಳು ಬಿದ್ದು ಬಿದ್ದು ನಕ್ಕಿದ್ದಳು.

'ಹತ್ತು ಸೆಕೆಂಡು ಕಾದೆ. ಯಾರೂ ಏನೂ ಹೇಳಲಿಲ್ಲ. – ದೊರೆಸಾನಿ.'

ಅವಳು ಸತ್ತಮೇಲೆ ಆ ಸಾಲನ್ನು ತೆಗೆಯಲು ನನಗೆ ಕೈ ಬರಲಿಲ್ಲ. ಇಟ್ಟುಕೊಂಡು ನೋಡಲೂ ಆಗಲಿಲ್ಲ. ದೊರೆಸಾನಿ ಯಾರು ಅಂತ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದೀಪ ಕೆಂಪಾದಾಗ ಯಾರೋ ಒಬ್ಬರು ಕೂಗುತ್ತಿದ್ದರು, "ದೊರೆಸಾನಿಗೆ ಸಿಟ್ಟು ಬಂತು ನೋಡ್ರಪ್ಪಾ!" ಎಲ್ಲರೂ ನಗುತ್ತಿದ್ದರು. ಸಂದೇಶ ತೆರೆದು ಓದುವ ಮೊದಲೇ ನಾನು 'ಮತ್ತೆ ಓಡಿಸು' ಒತ್ತಿಬಿಡುತ್ತಿದ್ದೆ. ಎರಡು ವರ್ಷ ಹೀಗೇ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ನಾನು ಕಣ್ಣು ಮುಚ್ಚಿ ಗುಂಡಿ ಒತ್ತುತ್ತಿದ್ದೆ.

ಚಿಕ್ಕಂದಿನಿಂದಲೂ ನಾನು ಹಾಗೇ. ಅಕ್ಕ ಕರೆದರೆ ಮೊದಲನೇ ಸಲಕ್ಕೆ ಓಗೊಡುತ್ತಿರಲಿಲ್ಲ, ಎರಡನೇ ಸಲಕ್ಕೂ ಇಲ್ಲ. ಮೂರನೇ ಸಲ ಅವಳ ಗಂಟಲು ಏರಿದಾಗ ಎದ್ದು ಹೋಗುತ್ತಿದ್ದೆ. "ಮೂರನೇ ಸಲಕ್ಕೆ ಕೇಳ್ಸೋ ಕಿವಿ ಮೊದಲನೇ ಸಲ ಎಲ್ಲಿಟ್ಟಿದ್ದೆ?" ಅನ್ನುತ್ತಿದ್ದಳು. 

ಸೋಮವಾರ ಹಸಿರುರಾಯರು ನನ್ನ ಕುರ್ಚಿಯ ಪಕ್ಕ ಬಂದು ನಿಂತರು. "ಶುಕ್ರವಾರ ಹೊಸ ಆಸ್ಪತ್ರೆಯವರು ಬಂದು ನೋಡ್ತಾರೆ. ಅವರ ಎದುರಿಗೆ ಈ ದೀಪ ಕೆಂಪಾಗ್ಬಾರ್ದಮ್ಮ. ಹತ್ತು ಸೆಕೆಂಡ್ ಕಾಯೋದನ್ನ ಅರವತ್ತು ಮಾಡು, ತಾನೇ ಸರಿಹೋಗತ್ತೆ."

"ಆಯ್ತು ಸಾರ್," ಅಂದೆ. ಕಾಗದಕ್ಕೆ ಸಹಿಯನ್ನೂ ಆಗಲೇ ಹಾಕಿಬಿಡುತ್ತಿದ್ದೆ, ಪೆನ್ನು ಬರೆಯಲಿಲ್ಲ. ಊಟ ಮುಗಿಸಿ ಹಾಕೋಣ ಅಂತ ಡ್ರಾಯರಿಗೆ ತಳ್ಳಿದೆ.

ಮಂಗಳವಾರ ಬೆಳಿಗ್ಗೆ ಹತ್ತನ್ನು ಅರವತ್ತು ಮಾಡಿ, ಆ ಒಂದು ಟೆಸ್ಟನ್ನೇ ನೂರು ಸಲ ಓಡಲು ಬಿಟ್ಟೆ. ಸರ್ವರ್‌ಗಳಿರುವ ಕೋಣೆಯ ಪಕ್ಕದ ಸಣ್ಣ ಕೋಣೆ ಅದು. ಗೋಡೆಯಾಚೆ ಫ್ಯಾನುಗಳು ಒಂದೇ ಸಮ ಹೂಂಗುಟ್ಟುತ್ತಿರುತ್ತವೆ. ಕಿಟಕಿಯಲ್ಲಿ ಒಳ್ಳೆಯ ಬಿಸಿಲಿತ್ತು. ಇಪ್ಪತ್ತೆರಡನೇ ಸಲಕ್ಕೆ ಕೆಂಪು ಬಂತು. ಈ ಸಲ ಕೆಲಸವೇ ಅದಾಗಿದ್ದರಿಂದ ಸಂದೇಶ ತೆರೆಯಲೇಬೇಕಾಯಿತು. 'ಹತ್ತು ಸೆಕೆಂಡು ಕಾದೆ. ಯಾರೂ ಏನೂ ಹೇಳಲಿಲ್ಲ.' ನಾನು ಕಾಯುವ ಹೊತ್ತು ಬದಲಾಯಿಸಿದ್ದೆ, ಅವಳ ಮಾತು ಬದಲಾಯಿಸಿರಲಿಲ್ಲ. ಅರವತ್ತು ಸೆಕೆಂಡು ಕಾದು ಹತ್ತು ಅನ್ನುತ್ತಿದ್ದಳು. ಬದುಕಿದ್ದಾಗಲೂ ಹಾಗೇ, ತಾನು ಪಟ್ಟ ಕಷ್ಟವನ್ನು ಕಡಿಮೆ ಮಾಡಿಯೇ ಹೇಳುತ್ತಿದ್ದಳು.

ನನಗೆ ಹೆದರಿಕೆಯಾಯಿತು. ಹಾಡುಹಗಲು, ಬಾಗಿಲ ಹೊರಗೆ ಜನ ಓಡಾಡುತ್ತಿದ್ದಾರೆ, ಆದರೂ ಕುರ್ಚಿಯ ಹಿಂದೆ ಅವಳು ನಿಂತ ಹಾಗೆ. ತಿರುಗಿ ನೋಡಲಿಲ್ಲ. ನೋಡಿದರೆ ಇರುವುದಿಲ್ಲ ಅಂತ ಗೊತ್ತಿತ್ತು, ಅದನ್ನು ನೋಡುವುದು ಇನ್ನೂ ಕಷ್ಟ.

ನೂರು ಮುಗಿದಾಗ ಮೂರು ಫೇಲಾಗಿದ್ದವು. ಏಳಿದ್ದದ್ದು ಮೂರಾಯಿತಲ್ಲ, ಕಾಯುವ ಹೊತ್ತು ಇನ್ನಷ್ಟು ಏರಿಸಿದರೆ ಸೊನ್ನೆಯಾಗುತ್ತದೆ, ಹಸಿರುರಾಯರಿಗೆ ಖುಷಿ. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ನನಗೆ ಒಂದು ಕೆಟ್ಟ ಬುದ್ಧಿ: ತಡವಾಗಿ ಬಂದವರು ಎಷ್ಟು ಹೊತ್ತಿಗೆ ಬಂದರು ಅಂತ ಕೇಳದೆ ಬಿಡುವವಳಲ್ಲ. ತಡವಾಗಿ ಪಾಸಾದ ನಾಲ್ಕನ್ನು ತೆಗೆದು ನೋಡಿದೆ. ನಾಲ್ಕರಲ್ಲೂ ಕೆಂಪು ಪಟ್ಟಿ ಬಂದದ್ದು ಮೂವತ್ತೊಂದನೇ ಸೆಕೆಂಡಿಗೆ. ಇಪ್ಪತ್ತಕ್ಕೆ ಒಂದೂ ಇಲ್ಲ, ಇಪ್ಪತ್ತೈದಕ್ಕೆ ಒಂದೂ ಇಲ್ಲ. ನಾಲ್ಕೂ ಮೂವತ್ತೊಂದು.

ಟೆಸ್ಟು ಲೈನನ್ನು ಕಡಿಯುವುದು ಸರಿಯಾಗಿ ಮೂವತ್ತು ಸೆಕೆಂಡು. ಮೂವತ್ತಾದ ಮೇಲೆ ಮತ್ತೆ ಜೋಡಿಸುತ್ತದೆ. ಅಂದರೆ 'ಲೈನ್ ಕಡಿದಿದೆ' ಅನ್ನುವ ಎಚ್ಚರಿಕೆ ಬಂದದ್ದು ಲೈನ್ ಸರಿಹೋದ ಮೇಲೆ. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಮಧ್ಯಾಹ್ನದೊಳಗೆ ಎಲ್ಲ ಬಿಡಿಸಿ ನೋಡಿಯಾಗಿತ್ತು. ಮೂಲದ ಕಡೆಯಿಂದ ಹೊರಟ ಎಚ್ಚರಿಕೆ ವಾರ್ಡಿಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ. ಅದೂ ಅದೇ ಲೈನಿನಲ್ಲೇ ಹೋಗಬೇಕು. ಸೇತುವೆ ಮುರಿದಿದೆ ಅಂತ ಹೇಳಲು ಹೊರಟವನು ಆ ಸೇತುವೆಯನ್ನೇ ದಾಟಬೇಕು. ಲೈನ್ ಎಷ್ಟೋ ಸಲ ಏದುಸಿರು ಬಿಡುತ್ತಾ ನಿಧಾನಕ್ಕೆ ಸಾಯುತ್ತದೆ, ಆ ಸಂದಿನಲ್ಲಿ ಎಚ್ಚರಿಕೆ ಆಚೆಗೆ ನುಸುಳಿಕೊಳ್ಳುತ್ತದೆ. ಅವು ನಮ್ಮ ತೊಂಬತ್ತಮೂರು ಹಸಿರು. ಲೈನ್ ಒಮ್ಮೆಲೇ ಪಟಕ್ಕನೆ ಕಡಿದರೆ ಎಚ್ಚರಿಕೆ ಈಚೆ ದಡದಲ್ಲೇ ನಿಂತುಬಿಡುತ್ತದೆ. ಲೈನ್ ಮರಳಿ ಬಂದಾಗ ದಾಖಲೆಯೂ ಎಚ್ಚರಿಕೆಯೂ ಒಟ್ಟಿಗೇ ಆಚೆ ಹೋಗುತ್ತವೆ. ದಾಖಲೆ ಬಂದಾಯಿತಲ್ಲ, ಇನ್ನು ಎಚ್ಚರಿಕೆ ಯಾಕೆ ಅಂತ ನಮ್ಮ ವ್ಯವಸ್ಥೆ ಅದನ್ನು ಅಳಿಸಿಹಾಕುತ್ತದೆ. ಅರ್ಧ ಸೆಕೆಂಡಿನ ಮಾತು. ಅಷ್ಟರಲ್ಲಿ ನೋಡಿದವರಿಗೆ ಕಂಡೀತು. ಆಮೇಲೆ ಹುಡುಕಿದರೆ ಎಲ್ಲೂ ಗುರುತು ಇರುವುದಿಲ್ಲ.

ಗುರುತು ಇಲ್ಲದ್ದನ್ನೇ ನಾನು ವಿಚಾರಣೆಯಲ್ಲಿ ಸಾಕ್ಷಿ ಮಾಡಿದ್ದೆ. ಎಚ್ಚರಿಕೆಯ ದಾಖಲೆ ಇಲ್ಲ, ಹಾಗಾಗಿ ಲೈನ್ ಸರಿಯಿತ್ತು, ಹಾಗಾಗಿ ನರ್ಸ್ ಸ್ಕ್ರೀನ್ ನೋಡಲಿಲ್ಲ. 

ಟೆಸ್ಟು ತಿಕ್ಕಲಾಗಿರಲಿಲ್ಲ. ನೂರಕ್ಕೆ ಏಳು ಸಲ ಏನಾಗುತ್ತದೆಯೋ ಅದನ್ನು ನೂರಕ್ಕೆ ಏಳು ಸಲ ಹೇಳುತ್ತಿತ್ತು. ತಿಕ್ಕಲು ನಮಗೆ ಹಿಡಿದಿತ್ತು.

ಆದರೂ ಆ ದಿನ, ಆ ವಾರ್ಡಿನಲ್ಲಿ ಹಾಗೇ ಆಯಿತು ಅಂತ ಹೇಗೆ ಹೇಳುವುದು? ಆಗಬಹುದು ಅನ್ನುವುದೇ ಬೇರೆ, ಆಗಿದೆ ಅನ್ನುವುದೇ ಬೇರೆ. ಬುಧವಾರ ಆಸ್ಪತ್ರೆಯ ಲೈನ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ಅವರು ಬೇರೆಯೇ ಕಂಪನಿಯವರು, ವಿಚಾರಣೆಯಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ಎಚ್ಚರಿಕೆಯೇ ಇಲ್ಲವಲ್ಲ, ಅವರನ್ನು ಕರೆಯುವುದು ಯಾಕೆ ಅಂತ ನಾನೇ ಅಂದಿದ್ದೆ.

"ಎರಡು ವರ್ಷದ ಹಿಂದಿಂದಾ?" ಫೋನ್ ಎತ್ತಿದವರು ರಾಗ ಎಳೆದರು. "ಯಾರಮ್ಮಾ ಇಟ್ಕೊಂಡಿರ್ತಾರೆ ಅದನ್ನೆಲ್ಲ?"

"ನಿಮ್ಮಂಥ ಅಚ್ಚುಕಟ್ಟಿನವರು ಇಟ್ಕೊಂಡಿರ್ತಾರೆ," ಅಂದೆ. ಬೆಣ್ಣೆ ಹಚ್ಚುವುದು ನನಗೂ ಬರುತ್ತದೆ.

ಒಂದು ಗಂಟೆಯ ಮೇಲೆ ಅವರೇ ಫೋನ್ ಮಾಡಿದರು. "ಆ ದಿನ ಮೂರನೇ ಮಹಡಿ ಲೈನು ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಹೋಗಿದೆ. ಹನ್ನೊಂದಕ್ಕೆ ಬಂದಿದೆ. ಕ್ಲೀನರ್ ಕೈಯಲ್ಲಿ ಪ್ಲಗ್ ಕಿತ್ತೋಗಿತ್ತು ಅಂತ ಬರ್ದಿದಾರೆ ನಮ್ಮೋರು. ಯಾಕೆ, ಏನಾದ್ರೂ ತೊಂದ್ರೆ ಆಗಿತ್ತಾ?"

ನಾನು ಕೌಂಟರಿನಲ್ಲಿ ಬರೆಸಿದ್ದು ಹತ್ತು ನಲವತ್ತನಾಲ್ಕಕ್ಕೆ. ಇಂಜೆಕ್ಷನ್ ಕೊಟ್ಟದ್ದು ಹತ್ತು ಐವತ್ತಕ್ಕೆ. ಅಕ್ಕ ಜ್ವರದ ಮಂಪರಿನಲ್ಲಿದ್ದಳು, ಕೇಳಿದರೂ ಹೇಳುವ ಹಾಗಿರಲಿಲ್ಲ. ಬರೆಸಿಯಾಯಿತಲ್ಲ ಅನ್ನುವ ನೆಮ್ಮದಿಯಲ್ಲಿ ನಾನು ಅವಳ ಹೊದಿಕೆ ತರಲು ಮನೆಗೆ ಹೋಗಿದ್ದೆ. ಮೇಲೆ ಹೋಗಿ ಆ ನರ್ಸಿಗೆ ಬಾಯಿಬಿಟ್ಟು ಒಂದು ಮಾತು ಹೇಳಬಹುದಿತ್ತು. ನಮ್ಮ ವ್ಯವಸ್ಥೆ ಹೇಳುತ್ತದೆ ಅಂದುಕೊಂಡೆ.

"ಏನಿಲ್ಲ," ಅಂದೆ. "ಅದನ್ನ ಒಂದು ಕಾಗದದಲ್ಲಿ ಬರೆದು ಸೀಲ್ ಹಾಕಿ ಕಳಿಸಿಕೊಡ್ತೀರಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಮ್ಮಲ್ಲಿ ಟೆಸ್ಟಿನ ಪ್ರತಿಯೊಂದು ಓಟವೂ ದಾಖಲಾಗಿರುತ್ತದೆ: ಯಾವ ದಿನ, ಎಷ್ಟು ಹೊತ್ತಿಗೆ, ಕೆಂಪೋ ಹಸಿರೋ, ಕೆಂಪಾದರೆ ಮತ್ತೆ ಓಡಿಸಿದವರು ಯಾರು. ಅಕ್ಕ ಸತ್ತ ದಿನದಿಂದ ಹಿಂದಕ್ಕೆ ಹೋದೆ. ಒಂದು ದಿನ ಹಸಿರು, ಎರಡು ದಿನ ಹಸಿರು, ವಾರವಿಡೀ ಹಸಿರು. ಹನ್ನೊಂದನೇ ದಿನ ಕೆಂಪು ಇತ್ತು. 'ಹತ್ತು ಸೆಕೆಂಡು ಕಾದೆ. ಯಾರೂ ಏನೂ ಹೇಳಲಿಲ್ಲ. – ದೊರೆಸಾನಿ.' ಅವತ್ತು ಒಮ್ಮೆಯಲ್ಲ, ಒಂದರ ಹಿಂದೆ ಒಂದು ಎರಡು ಸಲ. ಎರಡು ಸಲವೂ ಮತ್ತೆ ಓಡಿಸಿದವಳು ನಾನು. ಮೂರನೇ ಸಲ ಹಸಿರು ಬಂದಿತ್ತು.

ಆಗ ಅವಳು ಬದುಕಿದ್ದಳು. ಆ ಸಂಜೆ ಫೋನ್ ಮಾಡಿದಾಗ, "ನಿನ್ನ ದೊರೆಸಾನಿ ಇವತ್ತು ಹೇಗಿದಾಳೆ?" ಅಂತ ಕೇಳಿದ್ದಳು. "ಎರಡು ಸಲ ಮುಖ ಊದಿಸ್ಕೊಂಡ್ಳು, ಆಮೇಲೆ ಸರಿಹೋದ್ಳು," ಅಂತ ನಾನು ನಕ್ಕಿದ್ದೆ. ಅದು ನೆನಪಿಗೆ ಬಂದಾಗ ಸ್ಕ್ರೀನ್ ಮುಂದೆ ಕೂತು ಅತ್ತೆ. ಎರಡು ವರ್ಷದಲ್ಲಿ ಅತ್ತದ್ದೆಲ್ಲ ಅವಳಿಗೋಸ್ಕರ. ಇದು ನನಗೋಸ್ಕರ, ನಾಚಿಕೆಯಿಂದ.

ಗುರುವಾರ ಹಸಿರುರಾಯರ ಮುಂದೆ ಎಲ್ಲ ಇಟ್ಟೆ. ಮೂವತ್ತೊಂದನೇ ಸೆಕೆಂಡು, ಲೈನಿನವರ ಕಾಗದ, ಹೊಸದಾಗಿ ನಾನು ಮಾಡಿದ್ದ ರಿಪೇರಿ. ರಿಪೇರಿ ಸಣ್ಣದೇ. ಎಚ್ಚರಿಕೆಯನ್ನು ಮೂಲ ಕಳಿಸುವುದು ಬೇಡ. ಮೂಲ ಎರಡು ಸೆಕೆಂಡಿಗೊಮ್ಮೆ 'ಇದ್ದೇನೆ' ಅನ್ನುತ್ತಿರಲಿ. ಆ ಮಾತು ನಿಂತರೆ ವಾರ್ಡಿನ ನಕಲೇ ಗಾಬರಿಯಾಗಿ ಕೆಂಪು ಪಟ್ಟಿ ಹಾಕಿಕೊಳ್ಳಲಿ. ಟೆಸ್ಟಿನ ಕಾಯುವ ಹೊತ್ತನ್ನು ಮತ್ತೆ ಹತ್ತಕ್ಕೇ ಇಳಿಸಿ ಸಾವಿರ ಸಲ ಓಡಿಸಿದ್ದೆ. ಸಾವಿರಕ್ಕೆ ಸಾವಿರವೂ ಹಸಿರು.

ಅವರಿಗೆ ಕೇಳಿಸಿದ್ದು ಸಾವಿರ ಒಂದೇ. "ಶಭಾಷ್! ನಾಳೆ ಬರೋರಿಗೆ ಇದನ್ನೇ ತೋರ್ಸೋಣ. ರಿಪೋರ್ಟಲ್ಲಿ ಮಾತ್ರ ತಪ್ಪು ಗಿಪ್ಪು ಅಂತ ಬರೀಬೇಡ. 'ಸುಧಾರಣೆ' ಅಂತ ಬರಿ. ಹಳೇದೆಲ್ಲ ಕೆದಕೋದ್ಯಾಕೆ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಸತ್ತಿದ್ದು ಹಾವಲ್ಲ ಸಾರ್, ನಮ್ಮಕ್ಕ."

ಅಕ್ಕ ಸತ್ತದ್ದು ಅವರಿಗೆ ಗೊತ್ತಿತ್ತು, ಹೂವು ಹಿಡಿದುಕೊಂಡು ಮನೆಗೂ ಬಂದಿದ್ದರು. ಗೊತ್ತಿಲ್ಲದ್ದು ಇನ್ನೊಂದಿತ್ತು. "ದೊರೆಸಾನಿ ಅಂದ್ರೆ ಅವಳೇ," ಅಂದೆ. "ಆ ವಯಸ್ಸು, ಆ ರಕ್ತದ ಗುಂಪು, ಆ ಇಂಜೆಕ್ಷನ್. ದೀಪ ಕೆಂಪಾದಾಗೆಲ್ಲ ನೀವೆಲ್ಲ ನಗ್ತಿದ್ದಿದ್ದು ಅವಳನ್ನ ನೋಡಿ. ನಾನೂ ನಗ್ತಿದ್ದೆ ಸಾರ್, ನಿಮ್ಮನ್ನ ಅನ್ನಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟವರೇನಲ್ಲ ಅವರು, ಹಸಿರನ್ನು ಪ್ರೀತಿಸಿದರು, ಅಷ್ಟೇ. "ಕಂಪನಿ ಕಾಗದದ ಮೇಲೆ ಬರೀಬೇಡಮ್ಮ," ಅಂದರು ಕೊನೆಗೆ. "ನಿನ್ನ ಹೆಸರಲ್ಲಿ ಏನು ಬೇಕಾದ್ರೂ ಬರ್ಕೋ. ನಾನು ನೋಡಿಲ್ಲ."

ವಕೀಲರ ಕಾಗದವನ್ನು ಡ್ರಾಯರಿನಿಂದ ತೆಗೆದು ನಾಲ್ಕು ತುಂಡು ಮಾಡಿದೆ. ಬಿಳಿ ಹಾಳೆಯ ಮೇಲೆ ನನ್ನದೇ ಹೇಳಿಕೆ ಬರೆದೆ: ಹಿಂದೆ ನಾನು ಹೇಳಿದ ಸಾಲು ತಪ್ಪು, ಕೆಂಪು ಪಟ್ಟಿ ಬಾರದೆಯೂ ನಕಲು ಹಿಂದೆ ಬಿದ್ದಿರಬಹುದು, ಆ ದಿನ ಹಾಗೇ ಆಗಿದೆ, ಲೈನಿನ ಹೊತ್ತು ಇಂತಿಷ್ಟು, ನರ್ಸ್ ಹೇಳಿದ್ದು ನಿಜ. ಹನ್ನೊಂದು ದಿನ ಮುಂಚಿನ ಆ ಎರಡು ಕೆಂಪಿನ ವಿಷಯ ಬರೆಯಲಿಲ್ಲ. ನರ್ಸಿಗೆ ಅದರಿಂದೇನು ಉಪಯೋಗ, ಇಷ್ಟಿದ್ದರೆ ಅವಳು ಗೆಲ್ಲುತ್ತಾಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಅಮ್ಮನಿಗೆ ಹೇಳುವುದು ಇದಕ್ಕಿಂತ ಕಷ್ಟವಿತ್ತು. ಅಮ್ಮ ನನ್ನ ಜೊತೆಗೇ ಇರುತ್ತಾಳೆ. ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ, ಬೇರೆಯವರು ದೇವರ ಹೆಸರು ಹೇಳುವ ಹೊತ್ತಿಗೆ, "ಅವಳ ಕೈ ಸೇದಿಹೋಗ" ಅನ್ನುತ್ತಾಳೆ. ಅವಳು ಅಂದರೆ ಆ ನರ್ಸ್. ಕಾಫಿ ತಣ್ಣಗಿದೆ ಅನ್ನುವ ದನಿಯಲ್ಲೇ ಅನ್ನುತ್ತಾಳೆ, ಅಷ್ಟು ಅಭ್ಯಾಸವಾಗಿದೆ.

ಸಂಜೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ, ಹನ್ನೊಂದು ದಿನದ ವಿಷಯವನ್ನೂ ಬಿಡಲಿಲ್ಲ. ಡೇಟಾಬೇಸು ಅವಳಿಗೆ ಅರ್ಥವಾಗದಿರಬಹುದು, ಸೇತುವೆ ಅರ್ಥವಾಯಿತು. ಎರಡು ಸಲ ಕರೆದದ್ದು ಅರ್ಥವಾಯಿತು.

"ಹಾಗಾದ್ರೆ ನಾನು ದಿನಾ ಶಾಪ ಹಾಕಿದ್ನಲ್ಲ," ಅಂದಳು, "ಅದು ಯಾರ ಕೈಗೆ?"

ನನ್ನ ಕೈ ಮಡಿಲಲ್ಲಿ ಇತ್ತು. "ನನ್ನ ಕೈಗಮ್ಮಾ."

ಅಮ್ಮ ನನ್ನ ಕೈ ನೋಡಿದಳು. ಮುಟ್ಟಲಿಲ್ಲ. ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ, "ಆ ಹೆಣ್ಣುಮಗಳ ಮನೆಗೆ ನಾಳೆ ಬೇಗ ಹೋಗು. ತಡ ಮಾಡ್ಬೇಡ," ಅಂದಳು. ಎರಡು ವರ್ಷದಲ್ಲಿ ಅವಳು ನರ್ಸನ್ನು ಮನುಷ್ಯಳ ಹಾಗೆ ಕರೆದದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಕೀಲಿಕೈ ಮಾಡಿಕೊಡುವ ಅಂಗಡಿಯ ಮೇಲೆ ಎರಡನೇ ಮಹಡಿ. ಬಾಗಿಲು ತೆರೆದವಳು ಅವಳೇ. ವಿಚಾರಣೆಯ ದಿನ ನೋಡಿದ್ದಕ್ಕಿಂತ ತೆಳ್ಳಗಾಗಿದ್ದಳು. ನನ್ನನ್ನು ನೋಡಿ ಹಿಂದೆ ಸರಿದಳು, ಹೊಡೆಯುತ್ತೇನೋ ಅನ್ನುವ ಹಾಗೆ.

"ಜಗಳಕ್ಕೆ ಬಂದಿಲ್ಲ," ಅಂದೆ. "ಐದು ನಿಮಿಷ ಮಾತಾಡ್ಬೇಕಿತ್ತು."

ಒಳಗೆ ಬಿಟ್ಟಳು. ಅವಳ ಅತ್ತೆ ಕಿಟಕಿಯ ಬಳಿ ಕೂತಿದ್ದರು, ನನಗೆ ಕುರ್ಚಿ ತೋರಿಸಿದರು. ಕೂತಮೇಲೆ ನನ್ನ ಕಣ್ಣಿಗೆ ಚೀಟಿಗಳು ಬಿದ್ದವು. ಬೆರಳಗಲದ ಬಿಳಿ ಚೀಟಿ, ಮನೆ ತುಂಬಾ. ಒಲೆಯ ಪಕ್ಕ, 'ಗ್ಯಾಸ್ ನೋಡಿದೆ, 8.20.' ಬಾಗಿಲ ಚಿಲಕದ ಮೇಲೆ, 'ನೋಡಿದೆ, 8.35.' ಅತ್ತೆಯ ಮಾತ್ರೆ ಡಬ್ಬಿಯ ಮೇಲೆ ಒಂದರ ಮೇಲೊಂದು ಅಂಟಿಸಿದ ನಾಲ್ಕು: 'ನೋಡಿದೆ. ನೋಡಿದೆ. ನೋಡಿದೆ. ನೋಡಿದೆ.'

ನಾನು ನೋಡುತ್ತಿರುವುದನ್ನು ಅವಳು ನೋಡಿದಳು. "ಅಭ್ಯಾಸ ಆಗ್ಬಿಟ್ಟಿದೆ," ಅಂದಳು. "ನೋಡಿದ್ದೀನಿ ಅಂತ ಗೊತ್ತಿರತ್ತೆ. ಆದ್ರೂ ನೋಡಿದ್ನಾ ಅನ್ಸತ್ತೆ."

ಮೇಜಿನ ಮೇಲೆ ಅವಳದ್ದೂ ಒಂದು ಕಾಗದವಿತ್ತು. ತಪ್ಪು ಒಪ್ಪಿಕೊಳ್ಳುವ ಕಾಗದ. ಒಪ್ಪಿಕೊಂಡರೆ ಐದು ವರ್ಷದ ಮೇಲಾದರೂ ಕೆಲಸ ಮಾಡಲು ಬಿಡುತ್ತಾರೆ ಅಂತ ಯಾರೋ ಹೇಳಿದ್ದರಂತೆ. 'ಇಂಜೆಕ್ಷನ್ ಒಗ್ಗದು ಎಂದು ಸ್ಕ್ರೀನಿನ ಮೇಲೆ ಇದ್ದೂ ನಾನು ಗಮನಿಸಲಿಲ್ಲ.' ಕೆಳಗೆ ಸಹಿ ಹಾಕಿಯಾಗಿತ್ತು.

"ಇದು ಸುಳ್ಳಲ್ವಾ?" ಅಂದೆ.

"ಗೊತ್ತಿಲ್ಲ," ಅಂದಳು. "ಮೊದಮೊದಲು ಖಂಡಿತ ಇರ್ಲಿಲ್ಲ ಅನ್ನಿಸ್ತಿತ್ತು. ಎಲ್ರೂ ಇತ್ತು ಇತ್ತು ಅಂದ್ರಲ್ಲ. ಸ್ವಂತ ತಂಗಿ, ಅದೇ ಕೆಲಸ ಮಾಡೋರು, ಅವರೇ ಅಂದ್ರಲ್ಲ. ಈಗ ಕಣ್ಣು ಮುಚ್ಚಿದ್ರೆ 'ಒಗ್ಗದು' ಅನ್ನೋ ಸಾಲು ಕಾಣತ್ತೆ ನಂಗೆ. ನಿಮ್ಮಕ್ಕನ ಮುಖ, ಮೇಲೆ ಆ ಸಾಲು. ಇದ್ದಿರ್ಬೇಕು."

ಅಕ್ಕ ನನ್ನನ್ನು ಮಾತ್ರ ಹಿಡಿದಿರಲಿಲ್ಲ. ಈ ಮನೆಯಲ್ಲೂ ಇದ್ದಳು, ನನ್ನ ಒಂದು ಸಾಲನ್ನು ಹಣೆಯ ಮೇಲೆ ಹೊತ್ತುಕೊಂಡು.

"ಇರ್ಲಿಲ್ಲ," ಅಂದೆ. "ನಿಮ್ಮ ಸ್ಕ್ರೀನಲ್ಲಿ ಏನೂ ಇರ್ಲಿಲ್ಲ. ನೀವು ನೋಡಿದ್ರಿ. ಸರಿಯಾಗೇ ನೋಡಿದ್ರಿ." ನನ್ನ ಹೇಳಿಕೆಯನ್ನೂ ಲೈನಿನವರ ಕಾಗದವನ್ನೂ ಅವಳ ಮುಂದೆ ಇಟ್ಟೆ.

ಅವಳು ನಿಧಾನವಾಗಿ ಓದಿದಳು. ಹತ್ತು ನಲವತ್ತೆರಡು ಅನ್ನುವಲ್ಲಿ ಬೆರಳಿಟ್ಟಳು, ಹನ್ನೊಂದು ಅನ್ನುವಲ್ಲಿ ಬೆರಳಿಟ್ಟಳು. ಆಮೇಲೆ ತಲೆ ಎತ್ತದೆ, "ಅತ್ತೆ, ಕೇಳಿ ಇಲ್ಲಿ. ನಾನು ನೋಡಿದ್ನಂತೆ," ಅಂದಳು. ಅತ್ತೆ ಎದ್ದು ಬಂದು ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಅವಳು ಅಳುವಷ್ಟು ಹೊತ್ತೂ ನಾನು ಗೋಡೆ ನೋಡುತ್ತಾ ಕೂತೆ, ಎದ್ದು ಹೋಗುವ ಯೋಗ್ಯತೆಯೂ ಇಲ್ಲದವಳ ಹಾಗೆ.

ಕಣ್ಣು ಒರೆಸಿಕೊಂಡು ತನ್ನ ಸಹಿಯಿದ್ದ ಕಾಗದವನ್ನು ಮಡಿಸಿದಳು. ಮೂರು ಗಂಟೆಗೆ ಏನು ಮಾತಾಡಬೇಕು, ಯಾರಿಗೆ ಕೊಡಬೇಕು ಅಂತ ಕೇಳಿದಳು. ನಾನೂ ಬರುತ್ತೇನೆ ಅಂದೆ. ಆಮೇಲೆ ಅವಳು, ಸಿಟ್ಟಿಲ್ಲದೆ, ಜ್ವರ ಎಷ್ಟು ದಿನದಿಂದ ಅಂತ ರೋಗಿಯನ್ನು ಕೇಳುವ ಹಾಗೆ ಕೇಳಿದಳು: "ಇದು ನಿಮಗೆ ಗೊತ್ತಾಗಿದ್ದು ಯಾವಾಗ?"

ಈ ಮಂಗಳವಾರ ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ.

"ನಮ್ಮಕ್ಕ ಸಾಯೋಕೆ ಹನ್ನೊಂದು ದಿನ ಮುಂಚೆ," ಅಂದೆ. "ಗೊತ್ತಾಗಿತ್ತು ಅಂತಲ್ಲ. ಟೆಸ್ಟು ಎರಡು ಸಲ ಹೇಳ್ತು, ಅವಳ ಹೆಸರಲ್ಲೇ ಹೇಳ್ತು. ನಾನು ಕೇಳಿಸ್ಕೊಳ್ಳಲಿಲ್ಲ. ಎರಡು ಸಲವೂ ಬಾಯಿ ಮುಚ್ಚಿಸ್ದೆ."

ಅವಳು ನನ್ನ ಹೇಳಿಕೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿದಳು, ಎಲ್ಲಿದೆ ಅಂತ ಹುಡುಕುವ ಹಾಗೆ. ಇರಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಚೀಟಿ ಬರೆಯುವ ಪೆನ್ನನ್ನು ಅದರ ಮೇಲೆ ಇಟ್ಟಳು.

"ಅದನ್ನೂ ಬರೀರಿ."

ಬರೆದೆ. ಅವಳು ಎರಡನೇ ಸಲ ಹೇಳಬೇಕಾಗಲಿಲ್ಲ.